ಮೆಳ್ಳೆಗಣ್ಣಿನ ಹೆಣ

ನಮ್ಮೂರಿನಲ್ಲಿ ಬದುಕಿರುವವರಿಗಿಂತ ಸತ್ತವರು ನೋಡಲು ಚೆಂದ. ಇದರಲ್ಲಿ ಸತ್ತವರ ಹೆಚ್ಚುಗಾರಿಕೆ ಏನೂ ಇಲ್ಲ, ಎಲ್ಲ ಬ್ರಶ್ಶಣ್ಣನ ಕೈವಾಡ. ಯಾರ ಮನೆಯ ನಡುಮನೆಗಾದರೂ ಹೋಗಿ ಗೋಡೆ ನೋಡಿ. ಬದುಕಿದ್ದಾಗ ಒಣಗಿದ ಕೋಲಿನ ಹಾಗಿದ್ದ ಮುದುಕ ಅಲ್ಲಿ ಪೈಲ್ವಾನನ ಭುಜ ಇಟ್ಟುಕೊಂಡು ಕೂತಿರುತ್ತಾನೆ. ಹುಟ್ಟಿದಾಗಿನಿಂದ ಮುಖ ಗಂಟು ಹಾಕಿಕೊಂಡೇ ಇದ್ದ ಅತ್ತೆ, ಸೊಸೆಯ ತಲೆಯ ಮೇಲೆ ನೇತಾಡುತ್ತ ಹಾಲು ಸುರಿದ ಹಾಗೆ ನಗುತ್ತಿರುತ್ತಾಳೆ. ಬ್ರಶ್ಶಣ್ಣ ನಮ್ಮ ಸತ್ತವರ ಬಾಯಿಗೆ ಕೂರಿಸಿಕೊಟ್ಟ ಹಲ್ಲುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಊರಾಚೆಯ ಬೆಟ್ಟವನ್ನು ಕಬ್ಬಿನ ಹಾಗೆ ಸಿಗಿದು ತಿನ್ನಬಹುದು.

ಬ್ರಶ್ಶಣ್ಣ ನಮ್ಮೂರ ಪೇಂಟರು. ಮೊದಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದ. ಕ್ಷೌರದಂಗಡಿಗೆ ಅವನು ಬರೆದ ಕತ್ತರಿ ಎಷ್ಟು ಹರಿತವಾಗಿತ್ತೆಂದರೆ, ಬೋರ್ಡಿನ ಕೆಳಗೆ ಹಾದುಹೋದವರ ಕೂದಲು ತಾನಾಗಿಯೇ ಉದುರಿ, ಗಿರಾಕಿಗಳು ಕೈತಪ್ಪುತ್ತಿದ್ದಾರೆ ಎಂದು ಕ್ಷೌರದವನೇ ಬಂದು ಅಳಿಸಲು ಹೇಳಿದ. ಆಮೇಲೆ ಫ್ಲೆಕ್ಸು ಬಂತು. ಮಿಷನ್ನು ಒಂದು ಸಲ ಗೊರಕೆ ಹೊಡೆದರೆ ಹತ್ತಡಿ ಬೋರ್ಡು ಹೊರಬರುವ ಕಾಲದಲ್ಲಿ, ಒಂದು ಅಕ್ಷರದ ಹೊಟ್ಟೆ ದುಂಡಗೆ ಮಾಡಲು ಅರ್ಧ ದಿನ ತೆಗೆದುಕೊಳ್ಳುವವನನ್ನು ಯಾರು ಕೇಳುತ್ತಾರೆ? ಅವನ ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ, "ಕಸುಬು ಸತ್ತು ಎಷ್ಟೋ ಕಾಲ ಆಯ್ತು, ಇವರೊಬ್ಬರಿಗೆ ಸುದ್ದಿ ಮುಟ್ಟಿಲ್ಲ."

ಉಳಿದದ್ದು ಸತ್ತವರ ಪಟದ ಕೆಲಸ. ಅದಕ್ಕೆ ಅವನದೇ ಕ್ರಮವಿತ್ತು. ಮನೆಯವರು ಸತ್ತವರ ಒಂದು ಸಣ್ಣ ಫೋಟೋ ತಂದುಕೊಡಬೇಕು. ಅದರ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೆರೆ ಎಳೆದು, ದೊಡ್ಡ ಹಾಳೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದೇ ಚೌಕವನ್ನು ಎತ್ತಿ ಅಲ್ಲಿಂದ ಇಲ್ಲಿಗೆ ಇಡುತ್ತ ಹೋಗುತ್ತಾನೆ. ಫೋಟೋ ಇಲ್ಲದೆ ಅವನಿಗೆ ಒಂದು ಕಿವಿಯೂ ಬರದು. ಫೋಟೋ ಕೊಡುವಾಗಲೇ ಮನೆಯವರು ರಿಪೇರಿಯನ್ನೂ ಹೇಳುತ್ತಾರೆ. "ಗದ್ದದ ನರೂಲಿ ತೆಗೆದುಬಿಡು, ಸ್ವಲ್ಪ ಬೆಳ್ಳಗೆ ಮಾಡು, ಕೂದಲು ಹಾಕು." ಮಗ ಬದುಕಿರುವಾಗ ಅಪ್ಪನಿಗೆ ಒಂದು ಅಂಗಿ ಹೊಲಿಸಿರುವುದಿಲ್ಲ, ಸತ್ತ ಮೇಲೆ ಬ್ರಶ್ಶಣ್ಣನ ಕೈಯಲ್ಲಿ ಕೋಟು ತೊಡಿಸುತ್ತಾನೆ. ದೊಡ್ಡ ಪಟ ಗೋಡೆಗೇರಿದ ಮೇಲೆ ಆ ಸಣ್ಣ ಫೋಟೋ ಯಾರಿಗೂ ಬೇಡ. ಅವೆಲ್ಲ ಬ್ರಶ್ಶಣ್ಣನ ಬಿಸ್ಕತ್ತಿನ ಡಬ್ಬಿಯೊಳಗೆ, ನರೂಲಿ, ಬೋಳುತಲೆ, ಉಬ್ಬುಹಲ್ಲುಗಳ ಸಮೇತ, ಒಂದರ ಮೇಲೊಂದು ಮಲಗಿದ್ದವು. ನಮ್ಮೂರ ನಿಜವಾದ ಸ್ಮಶಾನ ಆ ಡಬ್ಬಿಯೇ.

ಅವನ ಅತಿದೊಡ್ಡ ರಿಪೇರಿ ಹಿಟ್ಟಿನ ಗಿರಣಿಯ ಹಿರಿಯ ಯಜಮಾನರದು. ಅವರದು ಮೆಳ್ಳೆಗಣ್ಣು. ಒಂದು ಕಣ್ಣು ತಕ್ಕಡಿಯ ಮೇಲಿದ್ದರೆ ಇನ್ನೊಂದು ಬಾಗಿಲಲ್ಲಿ ನಿಂತವನ ಚೀಲದ ಮೇಲೆ. ಯಾವ ಕಣ್ಣು ಯಾರನ್ನು ನೋಡುತ್ತಿದೆಯೆಂದು ತಿಳಿಯದೆ ಊರಿಗೂರೇ ಪ್ರಾಮಾಣಿಕವಾಗಿತ್ತು. ಆ ಗಿರಣಿ ನಿಂತದ್ದೇ ಆ ಕಣ್ಣಿನ ಮೇಲೆ. ಅವರು ತೀರಿಕೊಂಡಾಗ ಮಗ, ಅಂದರೆ ಈಗಿನ ಯಜಮಾನರು, ಬಂದು ಹೇಳಿದರು: "ಕಣ್ಣು ನೆಟ್ಟಗೆ ಮಾಡು. ಹಲ್ಲು ಪೂರ್ತಿ ಹಾಕು. ಕೋಟಿರಲಿ, ಟೈ ಇರಲಿ. ನೋಡಿದೋರು ಎದ್ದು ನಿಲ್ಲಬೇಕು."

ಬ್ರಶ್ಶಣ್ಣ ಬಟ್ಟೆ ಕಂಪನಿಯ ಜಾಹೀರಾತಿನಿಂದ ಕೋಟು ಎತ್ತಿದ, ಕಣ್ಣು ನೆಟ್ಟಗೆ ಮಾಡಿದ. ಕೊನೆಗೆ ಪಟದಲ್ಲಿ ಬ್ಯಾಂಕು ಮುಳುಗಿಸಿ ಪರದೇಶಕ್ಕೆ ಹಾರಿಹೋದವನ ಹಾಗೆ ಒಬ್ಬ ಭವ್ಯ ಮನುಷ್ಯ ಮೂಡಿದ. ಯಜಮಾನರಿಗೆ ಕಣ್ತುಂಬಿ ಬಂತು. ಗಿರಣಿ ಪಕ್ಕದ ತಮ್ಮ ಮಳಿಗೆಯ ಬೀಗದ ಕೈ ಅವನ ಅಂಗೈಗೆ ಹಾಕಿ, "ಗೋಡೆ ಮೇಲೆ ನಮ್ಮಪ್ಪ ಎಲ್ಲೀವರೆಗೆ ಇರ್ತಾರೋ ಅಲ್ಲೀವರೆಗೆ ಮಳಿಗೇಲಿ ನೀನಿರ್ತೀಯ" ಅಂದುಬಿಟ್ಟರು.

ಅಂದಿನಿಂದ ಗಂಡ ಹೆಂಡತಿಯ ಸಂಸಾರವೆಲ್ಲ ಆ ಒಂದೇ ಕೋಣೆಯಲ್ಲಿ. ಬಾಗಿಲ ಬಳಿ ಬಣ್ಣದ ಡಬ್ಬಗಳು, ನಡುವೆ ಅವಳ ಹೊಲಿಗೆ ಮಿಷನ್ನು, ಪರದೆಯ ಹಿಂದೆ ಒಲೆ ಮತ್ತು ಮಂಚ. ಊಟದಲ್ಲಿ ಟರ್ಪೆಂಟೈನ್ ವಾಸನೆ ಬರದಿದ್ದರೆ ಬ್ರಶ್ಶಣ್ಣನಿಗೆ ಉಪ್ಪು ಕಡಿಮೆಯಾಯಿತೇನೋ ಅನ್ನಿಸುತ್ತಿತ್ತು.

ಹೀಗಿರುವಾಗ ಪಟ್ಟಣದಿಂದ ಪ್ರೆಸ್ಸಿನವನೊಬ್ಬ ಬಂದ. ಮೂರೇ ವಾರದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ಅಚ್ಚು ಹಾಕಿ, ಓದಿದವರಿಗೆ ಇದ್ದ ಭಾಷೆಯನ್ನೂ ಮರೆಸಿದ ಮಹಾನುಭಾವ.

"ಹೆಣ ಎದ್ದು ಬರೋ ಚಿತ್ರಕಥೆ ಪುಸ್ತಕ ಬೇಕು" ಅಂದ. "ಜನಕ್ಕೆ ಈಗ ಅದೇ ಹುಚ್ಚು. ಹಳ್ಳಿ ಇರಬೇಕು, ಗೋರಿ ಇರಬೇಕು, ಸತ್ತವರು ಮಣ್ಣು ಕೊಡವಿಕೊಂಡು ಏಳಬೇಕು. ನೋಡಿದೋನು ಮುಸುಕು ಹಾಕ್ಕೊಂಡು ಮಲಗಬೇಕು."

"ಎದ್ದು ಬಂದು ಏನು ಮಾಡ್ತಾರೆ ಸಾರ್?"

"ಅದನ್ನ ನೀನೇ ನೋಡ್ಕೋ. ಕಥೆಗೊಬ್ಬ, ಚಿತ್ರಕ್ಕೊಬ್ಬ ಅಂತ ಇಬ್ಬರನ್ನ ಸಾಕೋಕೆ ನಾನೇನು ಅರಸನಾ?"

ಬ್ರಶ್ಶಣ್ಣ ಒಪ್ಪಿಕೊಂಡ. ತಾನು ಬರೆದ ಚಿತ್ರ ಅಚ್ಚಾಗಿ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತಾಡುತ್ತದೆ ಎಂದರೆ, ಫ್ಲೆಕ್ಸಿನ ಮುಖಕ್ಕೆ ಮಸಿ ಬಳಿದ ಹಾಗೆಯೇ ಸರಿ. ಆದರೆ ಕೂತು ಬರೆಯಲು ಹೋದರೆ ಹೆಣವೇ ಬರಲಿಲ್ಲ. ಫೋಟೋ ಇಲ್ಲದೆ ಕೈ ಓಡದವನು ಅಲ್ಲವೇ? ಹೆಂಡತಿ ಕಾಜಾ ಹೊಲಿಯುತ್ತ ಇಣುಕಿದಳು.

"ಇದೇನ್ರೀ, ಬದನೆಕಾಯಿ?"

"ಹೆಣ."

"ಹೆಣಕ್ಕೆ ತೊಟ್ಟು ಯಾಕೆ?"

"ಅದು ಕೂದಲು ಕಣೇ."

"ಊರಿನ ಹೆಣಗಳನ್ನೆಲ್ಲ ಬಿಸ್ಕತ್ತಿನ ಡಬ್ಬೀಲಿ ಮುಚ್ಚಿಟ್ಟುಕೊಂಡು ಬದನೆಕಾಯಿ ಬರೀತಾ ಕೂತಿದ್ದೀರಲ್ಲ, ನಿಮ್ಮಂಥ ಬುದ್ಧಿವಂತರು ಗೋರಿಯೊಳಗೂ ಸಿಗಲ್ಲ" ಅಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಡಬ್ಬಿ ತೆರೆಯಿತು. ರಿಪೇರಿಗೆ ಮೊದಲಿನ ಮುಖಗಳು ಒಂದೊಂದಾಗಿ ಹೊರಬಂದವು. ನೋಡಿದವರು ಹೆದರಬೇಕು ಎಂದು ಪ್ರೆಸ್ಸಿನವನೇ ಹೇಳಿದ್ದನಲ್ಲ, ಬ್ರಶ್ಶಣ್ಣ ಏನನ್ನೂ ತಿದ್ದಲಿಲ್ಲ. ಇಷ್ಟು ವರ್ಷ ಸತ್ತವರಿಗೆ ಹಲ್ಲಿನ ಡಾಕ್ಟರನೂ ದರ್ಜಿಯೂ ಆಗಿ ದಣಿದಿದ್ದ ಕೈ, ಇದ್ದದ್ದನ್ನು ಇದ್ದ ಹಾಗೆ ಬರೆಯಲು ಬಿಟ್ಟದ್ದೇ ತಡ, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಪಕ್ಕದ ಗಿರಣಿಯ ಬೆಲ್ಟು ಅವನ ಕುಂಚದ ವೇಗ ನೋಡಿ ನಾಚಿ ಎರಡು ಸಲ ಕಳಚಿ ಬಿತ್ತು.

ಮೊದಲ ಪುಟದಲ್ಲೇ ಗೋರಿ ಬಿರಿಯುತ್ತದೆ. ಒಂದು ಕೈ, ಆಮೇಲೆ ಮಣ್ಣು ಮೆತ್ತಿದ ಬೋಳುತಲೆ, ಆಮೇಲೆ ಒಂಟಿ ಹಲ್ಲು, ಕೊನೆಗೆ ಆ ಕಣ್ಣುಗಳು. ಗಿರಣಿಯ ಹಿರಿಯ ಯಜಮಾನರೇ. ಪುಟವನ್ನು ಎತ್ತ ತಿರುಗಿಸಿದರೂ ನಿಮ್ಮನ್ನು ನೋಡುತ್ತಾರೆ. ಅದೇ ಹೊತ್ತಿಗೆ ನಿಮ್ಮ ಬೆನ್ನ ಹಿಂದೆ ನಿಂತವನನ್ನೂ ನೋಡುತ್ತಾರೆ. ನಾನಂತೂ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕಿಂಡಿಯಿಂದ ಒಂದು ಕಣ್ಣು, ಬಾಗಿಲ ಸಂದಿಯಿಂದ ಇನ್ನೊಂದು.

ಅವರ ಹಿಂದೆ ಉಳಿದವರು ಏಳುತ್ತಾರೆ, ಊರೊಳಗೆ ನಡೆದು ಬರುತ್ತಾರೆ. ಬೇರೆ ಕಡೆಯ ಹೆಣಗಳಾಗಿದ್ದರೆ ಕುತ್ತಿಗೆ ಕಚ್ಚುತ್ತಿದ್ದವೋ ಏನೋ. ಬ್ರಶ್ಶಣ್ಣನಿಗೆ ಅವರು ಬದುಕಿದ್ದಾಗ ಏನು ಮಾಡುತ್ತಿದ್ದರೆಂಬುದು ಮಾತ್ರ ಗೊತ್ತು, ಅದನ್ನೇ ಮಾಡಿಸಿದ. ಒಬ್ಬ ಅತ್ತೆ ನೇರ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ಮೂಸುತ್ತಾಳೆ. ಸೊಸೆ ಮೂರ್ಛೆ ಹೋಗುತ್ತಾಳೆ. ನಮ್ಮ ದೊಡ್ಡಪ್ಪ, ಕತ್ತಿನ ಗಂಟಿನ ಸಮೇತ, ಬಾವಿಯ ರಾಟೆಗೆ ಎಣ್ಣೆ ಹಾಕಿಲ್ಲವೆಂದು ಬೀದಿ ಬೀದಿ ಕೂಗುತ್ತಾನೆ. ಹಳೆಯ ಮೇಷ್ಟ್ರು, ನೆರೆತ ಮೀಸೆಯ ರೈತನೊಬ್ಬನನ್ನು ಗದ್ದೆಯ ನಡುವೆ ತಡೆದು ಹದಿನಾರರ ಮಗ್ಗಿ ಕೇಳುತ್ತಾರೆ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಭಯಾನಕವಾದ ಚಿತ್ರ ಇನ್ನೊಂದಿರಲಿಲ್ಲ. ಕೊನೆಯ ಪುಟದಲ್ಲಿ ಹಿರಿಯ ಯಜಮಾನರು ತಮ್ಮ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾರೆ. "ಬಾಗಿಲು ತೆಗಿ. ಕಾಲು ನೋಯ್ತಿದೆ" ಅನ್ನುತ್ತಾರೆ. ಒಂದನೇ ಭಾಗ ಅಲ್ಲಿಗೆ ಮುಗಿಯಿತು.

"ರಕ್ತ ಎಲ್ಲಯ್ಯ?" ಅಂದ ಪ್ರೆಸ್ಸಿನವನು.

"ಇಷ್ಟು ದಿನ ಮಣ್ಣಲ್ಲಿದ್ದೋರಿಗೆ ರಕ್ತ ಎಲ್ಲಿಂದ ಬರಬೇಕು ಸಾರ್?"

ಪ್ರೆಸ್ಸಿನವನು ತಾನೇ ಎಲ್ಲರ ತುಟಿಗೂ ಒಂದಿಷ್ಟು ಕೆಂಪು ಹಾಕಿಸಿದ. ಅಚ್ಚು ಜರುಗಿ, ನಮ್ಮೂರ ಹೆಣಗಳೆಲ್ಲ ಲಿಪ್‌ಸ್ಟಿಕ್ ಹಚ್ಚಿಕೊಂಡು ಮದುವೆಗೆ ಹೊರಟಂತೆ ಕಂಡವು.

'ಹಳ್ಳಿಗೆ ಬಂದ ಹೆಣಗಳು' ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತಾಡಿದ ದಿನ ಊರಿಗೆ ಬೆಂಕಿ ಬಿದ್ದ ಹಾಗಾಯಿತು. ಗೋಡೆಯ ಮೇಲೆ ತಿದ್ದಿ ತೀಡಿ ಕೂರಿಸಿದ್ದವರು ಅಲ್ಲಿ ದಾರಕ್ಕೆ ಸಿಕ್ಕಿಸಿದ ಪುಸ್ತಕದಲ್ಲಿ ನರೂಲಿ ತೋರಿಸುತ್ತ ನಿಂತಿದ್ದರು. "ನಮ್ಮತ್ತೆಗೆ ಮೀಸೆ ಇತ್ತಾ?" ಎಂದು ಒಬ್ಬಳು ಜಗಳಕ್ಕೆ ಬಂದಳು. ಇತ್ತು, ಎಲ್ಲರಿಗೂ ಗೊತ್ತು. ಆದರೂ ಹಾಗೆ ಕೇಳಿದಾಗ ಇಲ್ಲ ಅನ್ನುವುದು ಮರ್ಯಾದೆ. ಕ್ಷೌರದವನ ತಕರಾರು ಬೇರೆಯೇ.

"ನಮ್ಮ ಚಿಕ್ಕಪ್ಪ ಇಡೀ ಪುಸ್ತಕದಲ್ಲಿ ಇಲ್ವಲ್ಲ ಬ್ರಶ್ಶಣ್ಣ. ಅವನೇನು ಸತ್ತಿಲ್ವಾ?"

"ಎರಡನೇ ಭಾಗದಲ್ಲಿ ಏಳಿಸ್ತೀನಿ ಬಿಡಪ್ಪ."

"ಏಳಿಸಿದ್ರೆ ಮುಂದಿನ ಸಾಲಲ್ಲಿ ನಿಲ್ಸು. ಬದುಕಿದ್ದಾಗಲೂ ಅವನನ್ನ ಹಿಂದೇನೇ ತಳ್ತಿದ್ರು."

ಇವೆಲ್ಲ ಸಣ್ಣ ಸಿಡಿಲು. ದೊಡ್ಡದು ಮಧ್ಯಾಹ್ನ ಗಿರಣಿ ನಿಲ್ಲಿಸಿ, ಮೈತುಂಬ ಹಿಟ್ಟು ಮೆತ್ತಿಕೊಂಡು, ತಾನೇ ಗೋರಿಯಿಂದ ಎದ್ದ ಹಾಗೆ ಬೆಳ್ಳಗೆ ಬಂದು ಮಳಿಗೆಯ ಬಾಗಿಲಲ್ಲಿ ನಿಂತಿತು. ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಅಂಗಡೀಲಿದ್ದ ಪುಸ್ತಕ ಎಲ್ಲ ತರಿಸಿ ಮನೇಲಿ ಪೇರಿಸಿದ್ದೀನಿ" ಅಂದರು. "ನಾಳೆ ಬೆಳಿಗ್ಗೆ ಬಂದು, ನನ್ನ ಎದುರಿಗೆ ಕೂತು, ಒಂದೊಂದರಲ್ಲೂ ನಮ್ಮಪ್ಪನ ಕಣ್ಣು ನೆಟ್ಟಗೆ ಮಾಡ್ತೀಯ. ಎರಡನೇ ಭಾಗದಲ್ಲಿ ನಮ್ಮಪ್ಪ ಇರಕೂಡದು. ಆಗಲ್ಲ ಅನ್ನೋದಾದ್ರೆ ಬೀಗದ ಕೈ ಈಗಲೇ ಕೊಡು."

"ಆಗುತ್ತೆ ಯಜಮಾನ್ರೇ" ಅಂದ ಬ್ರಶ್ಶಣ್ಣ, ಅವರು ಪೂರ್ತಿ ಮುಗಿಸುವ ಮೊದಲೇ. ಕಲೆಗಾಗಿ ಪ್ರಾಣ ಬಿಡುವವರ ಕಥೆ ಬೇಕಾದವರು ಬೇರೆ ಊರು ನೋಡಿಕೊಳ್ಳಬೇಕು. ಅವನಿಗೆ ಆ ಕೋಣೆ ಬಿಟ್ಟರೆ ಬೇರೆ ಕೋಣೆ ಇರಲಿಲ್ಲ.

ಯಜಮಾನರು ಅತ್ತ ಹೋದ ಮೇಲೆ ಹೆಂಡತಿ ಮಿಷನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದಳು.

"ತಿದ್ದಿದ್ದು ಅವರಿಗೆ ಹಿಡಿಸದಿದ್ರೆ ಈ ಮಿಷನ್ನು ಹೊತ್ಕೊಂಡು ಎಲ್ಲಿಗೆ ಹೋಗೋದು? ಹೇಳಿ. ಮರದ ಕೆಳಗೆ ಕೂತು ಹೊಲೀಲಾ?"

"ಡಬ್ಬಿ ತೆಗಿ ಅಂದೋಳು ನೀನೇ ಅಲ್ವಾ?"

"ಡಬ್ಬಿ ತೆಗೀರಿ ಅಂದೆ. ಯಜಮಾನ್ರ ಅಪ್ಪನ್ನ ತೆಗೀರಿ ಅಂದ್ನಾ?" ಎಂದು ಅವಳು ಪರದೆಯ ಹಿಂದೆ ಹೋದಳು. ಪಾತ್ರೆಗಳನ್ನು ಒಂದರೊಳಗೊಂದು ಕೂರಿಸುವ ಸದ್ದು ಬಂತು. ಮನೆ ಬಿಡುವವರು ಮೊದಲು ಮಾಡುವ ಕೆಲಸ ಅದು. ಬ್ರಶ್ಶಣ್ಣ ಬಿಳಿ ಬಣ್ಣದ ಸೀಸೆ ಹುಡುಕತೊಡಗಿದ.

ಯಜಮಾನರ ಮನೆಯ ಹಜಾರ ನಮ್ಮೂರಿಗೆಲ್ಲ ಗೊತ್ತು. ಒಂದು ಗೋಡೆಯಲ್ಲಿ ಕೋಟು ತೊಟ್ಟ ಪಟ, ಅದಕ್ಕೆ ಎದುರಾಗಿ ಅವರ ತಾಯಿಯ ಮಂಚ. ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಿಟ್ಟಿನ ಮಳೆಯಾಗಿದ್ದ ಕಾಲದಲ್ಲಿ, ಅಮ್ಮನಿಗೆ ಅಪ್ಪ ಕಾಣುತ್ತಿರಲಿ ಎಂದು ಮಗ ಆ ಪಟವನ್ನು ಅಲ್ಲಿ ಹಾಕಿಸಿದ್ದರು. ಈಚೆಗೆ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಆ ಕನ್ನಡಕದ ಹಿಂದೆ ಮುದುಕಿಯ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ ಎದುರಿಗೆ ನಿಂತವರು ಅದರಲ್ಲಿ ತಲೆ ಬಾಚಿಕೊಳ್ಳಬಹುದಿತ್ತು.

ಬೆಳಿಗ್ಗೆ ಬ್ರಶ್ಶಣ್ಣ ನೆಲದ ಮೇಲೆ ಕೂತು ಪುಸ್ತಕದ ರಾಶಿ ಎಳೆದುಕೊಂಡ. ಹೆಂಡತಿಯೂ ಬಂದು, ಏನಾಗುವುದೋ ನೋಡಿಯೇ ಹೋಗೋಣವೆಂದು ಬಾಗಿಲ ಬಳಿ ನಿಂತಳು. ಯಜಮಾನರು ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮುದುಕಿ ಪಟಕ್ಕೆ ಬೆನ್ನು ಹಾಕಿ, ಮಂಚದ ಪಕ್ಕದ ಗೋಡೆಗೆ ಮುಖ ಮಾಡಿ ಮಲಗಿತ್ತು. ಬ್ರಶ್ಶಣ್ಣ ಒಂದು ಚುಕ್ಕೆ ಬಿಳಿ ಬಳಿದು ಮೆಳ್ಳೆ ಅಳಿಸಿ, ಮೇಲೆ ಒಂದು ಚುಕ್ಕೆ ಕಪ್ಪು ಇಟ್ಟು ಕಣ್ಣನ್ನು ನಡುವಿಗೆ ತಂದ. ಗೋರಿಯಿಂದ ಎದ್ದು ಊರನ್ನೇ ನಡುಗಿಸಿದ್ದ ಮನುಷ್ಯ ತಟ್ಟನೆ ಬಸ್ಸು ತಪ್ಪಿಸಿಕೊಂಡ ಗುಮಾಸ್ತನಂತಾದ.

"ಹಾಂ, ಈಗ ಮನುಷ್ಯನ ಹಾಗಿದ್ದಾರೆ" ಅಂದರು ಯಜಮಾನರು.

"ಯಾರು ಮನುಷ್ಯನ ಹಾಗಿರೋದು?" ಮಂಚದಿಂದ ದನಿ ಬಂತು. ಮುದುಕಿ ಎದ್ದು ಕೂತು ಕನ್ನಡಕ ಏರಿಸಿತ್ತು. ಕಾಲ ಬಳಿಯಿದ್ದ, ಇನ್ನೂ ತಿದ್ದಿರದ ಒಂದು ಪುಸ್ತಕವನ್ನು ಎತ್ತಿಕೊಂಡು ಮೂಗಿಗೆ ಹಿಡಿಯಿತು.

"ಅಮ್ಮಾ, ಅದು ಬೇಡ, ಏನೋ ದರಿದ್ರ ಪುಸ್ತಕ" ಎಂದು ಯಜಮಾನರು ಎದ್ದರು.

ಮುದುಕಿ ಕೇಳಿಸಿಕೊಳ್ಳಲಿಲ್ಲ. ಗೋರಿ, ಕೈ, ಬೋಳುತಲೆ, ಒಂಟಿ ಹಲ್ಲು ಎಲ್ಲವನ್ನೂ ಬೆರಳಿನಿಂದ ತಡವಿ ನೋಡಿತು. ಕಣ್ಣಿಗೆ ಬಂದಾಗ ಬೆರಳು ನಿಂತಿತು.

"ಬಂದ್ರಾ?" ಅಂದಿತು ಪುಸ್ತಕಕ್ಕೆ. "ಹೋಗ್ತೀನಿ ಅಂತ ಹೇಳಿ ಹೋದ್ರಾ, ಬರ್ತೀನಿ ಅಂತ ಹೇಳಿ ಬರೋಕೆ. ತಲೆಗೆಲ್ಲ ಮಣ್ಣು ಮಾಡ್ಕೊಂಡಿದ್ದೀರ." ಆಮೇಲೆ ಬ್ರಶ್ಶಣ್ಣನ ಕಡೆ ತಿರುಗಿ, "ತುಟಿಗೆ ಏನಪ್ಪ ಇದು?"

"ರಕ್ತ ಅಮ್ಮಾವ್ರೇ. ಪ್ರೆಸ್ಸಿನೋರು ಹಾಕಿದ್ದು."

"ಒರೆಸು."

ಬ್ರಶ್ಶಣ್ಣ ಬಿಳಿ ಬಳಿದು ಕೆಂಪು ಅಳಿಸಿದ. ಯಜಮಾನರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಅಪ್ಪನ ಪಟ ಅಲ್ಲಿದೆಯಲ್ಲ, ನಿನ್ನೆದುರಿಗೇ."

ಮುದುಕಿ ಗೋಡೆ ನೋಡಿತು, ಮಗನನ್ನು ನೋಡಿತು.

"ಅವರು ನಿಮ್ಮಪ್ಪನಾ?"

"ಮತ್ತೆ?"

"ನಾನು ಯಾರೋ ದೊಡ್ಡ ಸಾಹೇಬ್ರು ಅಂದ್ಕೊಂಡಿದ್ದೆ. ಕಣ್ಣಿಗೆ ಪೊರೆ ಇದ್ದಾಗ ಯಾರೋ ನಿಂತಿದ್ದಾರೆ ಅನ್ನಿಸ್ತಿತ್ತು. ಪೊರೆ ತೆಗೆದ ಮೇಲೆ ನೋಡಿದ್ರೆ ಕೋಟು, ಟೈ. ನಿನಗೆ ಮೊದಲಿಂದ ದೊಡ್ಡೋರ ಕಾಲು ಹಿಡಿಯೋ ಅಭ್ಯಾಸ, ಅಂಥೋರು ಯಾರೋ ಇರಬೇಕು, ಕೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ. ಬಟ್ಟೆ ಬದಲಾಯಿಸೋವಾಗೆಲ್ಲ ಗೋಡೆ ಕಡೆ ತಿರುಗಿ ತಿರುಗಿ ಕತ್ತು ನೋವು ಬಂದಿದೆ ನನಗೆ. ತೆಗಿಯೋ ಅದನ್ನ. ಪರಪುರುಷನ್ನ ತಂದು ತಾಯಿ ಮಂಚದ ಎದುರಿಗೆ ನೇತು ಹಾಕಿದ್ದೀಯಲ್ಲ."

ಯಜಮಾನರ ಮುಖ ನೆನೆದ ಹಿಟ್ಟಾಯಿತು. ಬಾಗಿಲ ಬಳಿ ನಿಂತಿದ್ದ ಬ್ರಶ್ಶಣ್ಣನ ಹೆಂಡತಿಯ ಮುಖ ಅದಕ್ಕಿಂತ ಕಳೆಗುಂದಿತು. ಗೋಡೆಯ ಮೇಲೆ ಅಪ್ಪ ಇರುವವರೆಗೆ ಮಳಿಗೆ ಎಂದಲ್ಲವೇ ಮಾತು? ಅಪ್ಪ ಈಗ ಮೊಳೆ ಬಿಟ್ಟು ಇಳಿಯುತ್ತಿದ್ದಾರೆ.

ಅವಳು ಧೈರ್ಯ ಮಾಡಿ ಒಂದು ಹೆಜ್ಜೆ ಒಳಗಿಟ್ಟಳು. "ಅಮ್ಮಾವ್ರೇ, ಗೋಡೆ ಬೋಳು ಕಾಣುತ್ತೆ."

"ಯಾಕೆ ಬೋಳು? ಇವರನ್ನ ಹಾಕಿ" ಎಂದು ಮುದುಕಿ ಪುಸ್ತಕದ ಮೊದಲ ಪುಟವನ್ನು ಮಗನ ಮುಖದ ಮುಂದೆ ಹಿಡಿಯಿತು. "ಕೋಟಿನೋರ ಚೌಕಟ್ಟು ದೊಡ್ಡದಿದೆ, ಸಾಲುತ್ತೆ."

"ಅಮ್ಮಾ, ಇದು ಹೆಣ" ಅಂದರು ಯಜಮಾನರು ಮೆಲ್ಲಗೆ. "ಗೋರಿಯಿಂದ ಏಳ್ತಾ ಇದೆ."

"ಗೊತ್ತು. ನಾನೇನು ಕುರುಡಿಯಾ?" ಅಂದಿತು ಮುದುಕಿ. ಆಮೇಲೆ ಕೊನೆಯ ಪುಟ ತಿರುಗಿಸಿ ಬಹಳ ಹೊತ್ತು ನೋಡಿತು. "ಇದೇನಪ್ಪ, ಕಾಲು ನೋವು ಅಂತ ಬಾಗಿಲಲ್ಲೇ ನಿಂತಿದ್ದಾರೆ. ಯಾರೂ ಬಾಗಿಲು ತೆಗೀಲಿಲ್ವಾ?"

"ಅದು ಎರಡನೇ ಭಾಗದಲ್ಲಿ ಬರಬೇಕು ಅಮ್ಮಾವ್ರೇ" ಎಂದು ಬ್ರಶ್ಶಣ್ಣ ಯಜಮಾನರ ಮುಖ ನೋಡಿದ. "ಆದ್ರೆ ಎರಡನೇ ಭಾಗದಲ್ಲಿ ಅವರು ಇರಬಾರದು ಅಂತ ಅಪ್ಪಣೆಯಾಗಿದೆ."

"ಯಾರದು ಅಪ್ಪಣೆ?"

ಯಜಮಾನರು ಕುರ್ಚಿಯ ಕೈ ಮೇಲಿದ್ದ ಹಿಟ್ಟನ್ನು ಬಹಳ ಮುತುವರ್ಜಿಯಿಂದ ಒರೆಸುತ್ತಿದ್ದರು.

"ಇಷ್ಟು ದೂರ ನಡೆದು ಬಂದೋರನ್ನ ಹೊರಗೆ ನಿಲ್ಲಿಸ್ತಾರೇನೋ ಮಗಾ?" ಅಂದಿತು ಮುದುಕಿ. "ಕೂತ್ಕೊಂಡು ಬರೀಲಿ ಅವನು. ಬಾಗಿಲು ತೆಗೆದೋಳು ಏನಂದ್ಲು ಅಂತ ನಾನು ಹೇಳ್ತೀನಿ."

"ಎಲ್ಲಿ ಕೂತು ಬರೀಲಿ ಅಮ್ಮಾವ್ರೇ?" ಎಂದಳು ಬ್ರಶ್ಶಣ್ಣನ ಹೆಂಡತಿ, ನೆಲ ನೋಡುತ್ತ. ಕಾಜಾ ಹೊಲಿದ ಕೈಗೆ ಸೂಜಿ ಎಲ್ಲಿ ಚುಚ್ಚಬೇಕೆಂದು ಗೊತ್ತಿರುತ್ತದೆ.

ಯಜಮಾನರು ತಲೆ ಎತ್ತಲಿಲ್ಲ. "ಅಲ್ಲೇ" ಅಂದರು. "ಮಳಿಗೇಲಿ."

ಹಾಗೆ ಎರಡನೇ ಭಾಗ ಬಂತು. ಬಾಗಿಲು ತೆರೆಯುತ್ತದೆ, ಮುದುಕಿ ನಿಂತಿದೆ, ಹಿರಿಯ ಯಜಮಾನರು ಒಳಗೆ ಬಂದು ಕಾಲು ಚಾಚುತ್ತಾರೆ. ಅಲ್ಲಿಂದ ಮುಂದಿನ ಪುಟಗಳಲ್ಲಿ ಬೇರೆ ಘಟನೆಯೇ ಇಲ್ಲ, ಬರೀ ಮುದುಕಿಯ ಮಾತು. ಮದುವೆಯಾದ ವರ್ಷ ಅವರು ಮರೆತು ಬಂದ ಕೊಡೆಯಿಂದ ಹಿಡಿದು, ಸಾಯುವ ಮುಂಚೆ ಔಷಧಿ ಕುಡಿಯದೆ ಕಿಟಕಿಯಾಚೆ ಚೆಲ್ಲಿದ್ದರವರೆಗೆ ಎಲ್ಲವೂ ಇದೆ. ಮಾತಿನ ಗುಳ್ಳೆಗಳು ಚಿತ್ರದಲ್ಲಿ ಹಿಡಿಸದೆ ಅಂಚು ದಾಟಿ, ಪುಸ್ತಕದ ರಟ್ಟನ್ನೂ ದಾಟಿ, ಅಂಗಡಿಯಲ್ಲಿ ಪಕ್ಕಕ್ಕೆ ತೂಗುಹಾಕಿದ್ದ ಇಂಗ್ಲಿಷ್ ಪುಸ್ತಕದೊಳಗೂ ಸೇರಿಕೊಂಡವು. ಕೊನೆಯ ಚಿತ್ರದಲ್ಲಿ ಹೆಣ ತಾನೇ ಎದ್ದು ಸ್ಮಶಾನಕ್ಕೆ ಹೋಗಿ, ಒಳಗೆ ಮಲಗಿ, ಕಲ್ಲುಚಪ್ಪಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಇಷ್ಟು ಭಯಂಕರವಾದ ಕಥೆಯನ್ನು ತಾನು ಈವರೆಗೆ ಅಚ್ಚು ಹಾಕಿಲ್ಲ ಎಂದ ಪ್ರೆಸ್ಸಿನವನು. ಅವನೂ ಹೆಂಡತಿಯುಳ್ಳವನೇ.

ಮುದುಕಿಗೆ ಓದಿ ತೋರಿಸಿದಾಗ ಅದು ಕೊನೆಯ ಚಿತ್ರದ ಮೇಲೆ ಅಂಗೈ ಇಟ್ಟು, "ಇವರೇ. ಮಾತು ಮುಗಿಯೋಕೆ ಮುಂಚೆ ಎದ್ದು ಹೋಗೋದು ಇವರದೇ ಚಾಳಿ" ಅಂದಿತಂತೆ. ಪುಸ್ತಕವನ್ನು ಮಾತ್ರ ದಿಂಬಿನ ಕೆಳಗಿಟ್ಟುಕೊಂಡು, ಯಾರಿಗೂ ಕೊಡಲಿಲ್ಲ.

ಈಗ ಆ ಹಜಾರದಲ್ಲಿ ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ಮಣ್ಣು ಮೆತ್ತಿಕೊಂಡು ಗೋರಿಯಿಂದ ಅರ್ಧ ಎದ್ದ ಹೆಣವಿದೆ. ಒಂದು ಕಣ್ಣು ಮಂಚದ ಮೇಲೆ, ಇನ್ನೊಂದು ಕಿಟಕಿಯಾಚೆ ಗಿರಣಿಯ ತಕ್ಕಡಿಯ ಮೇಲೆ. ಗಿರಣಿಯಲ್ಲಿ ಕಳುವು ನಿಂತಿದೆ ಎಂದು ಕೆಲಸದವರೇ ಗೊಣಗುತ್ತಾರೆ.

ಮೊನ್ನೆ ಯಜಮಾನರು ಮಳಿಗೆಗೆ ಬಂದರು. ಬಾಗಿಲನ್ನು ಅರ್ಧ ಮುಚ್ಚಿ, ಬೋಳಾಗುತ್ತಿರುವ ನೆತ್ತಿಯ ಮೇಲೆ ಇದ್ದಬದ್ದ ಕೂದಲನ್ನು ಅಡ್ಡಡ್ಡ ಹಾಸಿಕೊಂಡು ಕೇಳಿದರು.

"ಅಲ್ಲ ಬ್ರಶ್ಶಣ್ಣ, ಸುಮ್ಮನೆ ಕೇಳ್ತೀನಿ. ಮುಂದೆ ನನ್ನ ಪಟ ಬರೀಬೇಕಾಗಿ ಬಂದ್ರೆ ಹೇಗೆ ಬರೀತೀಯ?"

ಬ್ರಶ್ಶಣ್ಣ ಅವರ ಮುಖವನ್ನು ಮನಸ್ಸಿನಲ್ಲೇ ಚೌಕ ಚೌಕ ಮಾಡಿ, ನೆತ್ತಿಯ ಚೌಕದಲ್ಲಿ ತಡೆದು ನಿಂತ. ಉತ್ತರ ಹೊಲಿಗೆ ಮಿಷನ್ನಿನ ಕಡೆಯಿಂದ ಬಂತು, ಚಕ್ರ ನಿಲ್ಲಿಸದೆಯೇ.

"ಅವಸರ ಏನಿದೆ ಯಜಮಾನ್ರೇ? ಮೊದಲು ನಿಮ್ಮ ಕಡೆ ಕೆಲಸ ಮುಗಿಸಿ. ನಮ್ಮ ಕಡೇದು ನಾವು ನೋಡ್ಕೋತೀವಿ."